ಪ್ರಮಾಣವಚನದ ಎರಡು ಸಾಲು ಉಳಿದ ಕಡೆಗೂ ಬರಲಿ

ಮಾನ್ಯ ಸಂಪಾದಕರೆ,

ಸರ್ಕಾರಿ ಕಚೇರಿಯಲ್ಲಿ ಆಯುಧಪೂಜೆ ಬೇಕೆ, ಸಭೆಗೆ ಮುಂಚೆ ದೀಪ ಹಚ್ಚಬೇಕೆ, ಮಂತ್ರಿಗಳು ದೇವರ ಹೆಸರಿನಲ್ಲಿ ಪ್ರಮಾಣ ಮಾಡುವುದು ಜಾತ್ಯತೀತ ದೇಶಕ್ಕೆ ಒಪ್ಪುತ್ತದೆಯೆ ಎಂಬ ವಾದ ವಾಚಕರ ವಾಣಿಯಲ್ಲಿ ಆಗಾಗ ಏಳುತ್ತದೆ, ನಾಲ್ಕು ದಿನ ಕಾವು ಏರಿ ಆಮೇಲೆ ತಣ್ಣಗಾಗುತ್ತದೆ. ಬೇಡ ಎನ್ನುವವರು ಸಂವಿಧಾನವನ್ನು ಹಿಡಿದುಕೊಳ್ಳುತ್ತಾರೆ, ಬೇಕು ಎನ್ನುವವರು ಸಂಸ್ಕೃತಿಯನ್ನು. ನಾವು ಬೇಕು ಎನ್ನುವ ಕಡೆಯವರು. ಆದರೆ ನಮ್ಮ ಕಡೆಯವರು ಹೂಡುವ ವಾದ ಬಹಳ ಸಡಿಲ. ಸಂವಿಧಾನ ಎದುರು ಪಕ್ಷದವರ ಸ್ವತ್ತು ಎಂಬಂತೆ ಅದನ್ನು ಅವರಿಗೇ ಬಿಟ್ಟುಕೊಟ್ಟು, ಬರೀ ಭಾವನೆಯ ಮೇಲೆ ಮಾತಾಡುತ್ತಾರೆ. ನಮಗೆ ಬೇಕಾದ ಆಧಾರ ಇರುವುದೇ ಅದರಲ್ಲಿ.

ಸಂವಿಧಾನದ ಮೂರನೇ ಅನುಸೂಚಿಯನ್ನು ತೆಗೆದು ನೋಡಿ. ಕೇಂದ್ರದ ಮಂತ್ರಿ, ರಾಜ್ಯದ ಮಂತ್ರಿ, ಸಂಸದ, ಶಾಸಕ, ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ನ್ಯಾಯಮೂರ್ತಿ, ಮಹಾಲೇಖಪಾಲ, ಎಲ್ಲರ ಪ್ರಮಾಣವಚನದ ನಮೂನೆ ಅಲ್ಲಿದೆ. ರಾಷ್ಟ್ರಪತಿಯದು 60ನೇ ವಿಧಿಯಲ್ಲಿ, ರಾಜ್ಯಪಾಲರದು 159ನೇ ವಿಧಿಯಲ್ಲಿ. ಪ್ರತಿ ನಮೂನೆಯಲ್ಲೂ ಒಂದು ಜಾಗದಲ್ಲಿ ಸಾಲು ಎರಡಾಗುತ್ತದೆ: ಮೇಲೆ ದೇವರ ಹೆಸರಿನಲ್ಲಿ ಪ್ರಮಾಣ, ಕೆಳಗೆ ಸತ್ಯನಿಷ್ಠೆಯಿಂದ ದೃಢೀಕರಣ. ಯಾವುದನ್ನಾದರೂ ಓದಬಹುದು. ಕಾರಣ ಹೇಳಬೇಕಿಲ್ಲ, ಮುಂಚೆ ಅರ್ಜಿ ಕೊಡಬೇಕಿಲ್ಲ. ಮೇಲಿನದನ್ನು ಓದಿದ ಮಂತ್ರಿಗೆ ಹೆಚ್ಚಿನ ಅಧಿಕಾರ ಬರುವುದಿಲ್ಲ, ಕೆಳಗಿನದನ್ನು ಓದಿದವರಿಗೆ ಒಂದು ಖಾತೆಯೂ ಕಡಿಮೆಯಾಗುವುದಿಲ್ಲ.

ಈ ಎರಡು ಸಾಲು ತಾನಾಗಿ ಬಂದದ್ದಲ್ಲ. ರಾಷ್ಟ್ರಪತಿಯ ಪ್ರಮಾಣವಚನ ಸಂವಿಧಾನ ರಚನಾ ಸಭೆಯ ಮುಂದೆ ಬಂದದ್ದು 1948ರ ಡಿಸೆಂಬರ್‌ನಲ್ಲಿ. ದೇವರ ಹೆಸರು ಸೇರಲಿ ಎಂಬ ತಿದ್ದುಪಡಿ ಬಂತು, ಚರ್ಚೆಯಾಯಿತು, ಸಭೆ ಒಪ್ಪಿತು. ನಂಬದವರಿಗೆ ದೃಢೀಕರಣದ ದಾರಿಯನ್ನೂ ಪಕ್ಕದಲ್ಲೇ ಇಟ್ಟಿತು. ಅದೇ ಸಭೆ 1949ರ ಅಕ್ಟೋಬರ್ 17ರಂದು ಪ್ರಸ್ತಾವನೆಯನ್ನು ಕೈಗೆತ್ತಿಕೊಂಡಾಗ, ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತ್ ಅವರು ಪ್ರಸ್ತಾವನೆಯೂ ದೇವರ ಹೆಸರಿನಿಂದಲೇ ಶುರುವಾಗಲಿ ಎಂದು ತಿದ್ದುಪಡಿ ತಂದರು. ದೇವರನ್ನು ಓಟಿಗೆ ಹಾಕುವ ಮುಜುಗರ ಬೇಡ ಎಂದು ಪೂರ್ಣಿಮಾ ಬ್ಯಾನರ್ಜಿ ಕೇಳಿಕೊಂಡರೂ ಕಾಮತ್ ಪಟ್ಟು ಬಿಡಲಿಲ್ಲ. ಪರ 41, ವಿರೋಧ 68. ತಿದ್ದುಪಡಿ ಬಿತ್ತು.

ಅದೇ ಜನ, ಅದೇ ದೇವರು. ಒಂದು ಕಡೆ ಒಪ್ಪಿಗೆ, ಇನ್ನೊಂದು ಕಡೆ ತಿರಸ್ಕಾರ. ಇದನ್ನು ದ್ವಂದ್ವ ಎಂದು ಹಂಗಿಸುವವರುಂಟು. ನಮಗೆ ಹಾಗನ್ನಿಸುವುದಿಲ್ಲ. ಪ್ರಮಾಣವಚನದಲ್ಲಿ ಮಾತಾಡುವವನು ಒಬ್ಬ; ಅವನ ಮುಂದೆ ಎರಡು ಸಾಲು ಇಡಬಹುದು. ಪ್ರಸ್ತಾವನೆಯಲ್ಲಿ ಮಾತಾಡುವವರು ಭಾರತದ ಜನತೆ ಇಡಿಯಾಗಿ. ಅಲ್ಲಿ ಎರಡನೇ ಸಾಲಿಗೆ ಜಾಗವೇ ಇಲ್ಲ. ಸಾರ್ವಜನಿಕ ಜೀವನದಲ್ಲಿ ಧರ್ಮದ ಹೆಸರು ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸರಿಯಾದ ಅಳತೆ ನಮಗೆ ಕಂಡಿಲ್ಲ. ನಂಬಿದವನು ಹೇಳಲಿ, ನಂಬದವನಿಗೆ ನಷ್ಟವಿಲ್ಲದ ಇನ್ನೊಂದು ಸಾಲಿರಲಿ. 1976ರ 42ನೇ ತಿದ್ದುಪಡಿಯಲ್ಲಿ ಪ್ರಸ್ತಾವನೆಗೆ ಸೇರಿದ ‘ಜಾತ್ಯತೀತ’ ಪದವನ್ನು ತೆಗೆಸಲು ನಮ್ಮ ಕಡೆಯ ಕೆಲವರು ಕೋರ್ಟಿಗೆ ಓಡಾಡಿದರು. ಸುಪ್ರೀಂ ಕೋರ್ಟ್ 2024ರ ನವೆಂಬರ್ 25ರಂದು ಆ ಅರ್ಜಿಗಳನ್ನು ವಜಾ ಮಾಡಿತು. ಅಷ್ಟು ಶ್ರಮ ಯಾಕೆ ಬೇಕಿತ್ತೋ. ಧರ್ಮ ಸ್ವಾತಂತ್ರ್ಯದ 25ರಿಂದ 28ರವರೆಗಿನ ವಿಧಿಗಳು 1950ರಿಂದಲೇ ಇವೆ. ಜಾತ್ಯತೀತತೆ ಸಂವಿಧಾನದ ಮೂಲ ಸ್ವರೂಪಕ್ಕೇ ಸೇರಿದ್ದು ಎಂದು ನಮ್ಮ ಎಸ್.ಆರ್. ಬೊಮ್ಮಾಯಿಯವರ ಮೊಕದ್ದಮೆಯಲ್ಲಿ 1994ರಲ್ಲೇ ತೀರ್ಪಾಗಿದೆ. ಆ ಪದ ಇದ್ದರೂ ಹೋದರೂ ಕಚೇರಿಯ ಬಾಗಿಲಿನ ತೋರಣ ಅಲುಗುವುದಿಲ್ಲ.

ಈ ಅಳತೆ ಕೆಡುವುದು ಮೂರನೇ ಸಾಲು ಹುಟ್ಟಿದಾಗ. 2023ರ ಮೇ 20ರಂದು ಕಂಠೀರವ ಕ್ರೀಡಾಂಗಣದಲ್ಲಿ ಡಿ.ಕೆ. ಶಿವಕುಮಾರ್ ಅವರು ಗಂಗಾಧರ ಅಜ್ಜಯ್ಯನ ಹೆಸರಿನಲ್ಲಿ, ಸತೀಶ ಜಾರಕಿಹೊಳಿಯವರು ಬುದ್ಧ, ಬಸವ, ಅಂಬೇಡ್ಕರರ ಹೆಸರಿನಲ್ಲಿ ಪ್ರಮಾಣ ಮಾಡಿದರು. 2021ರ ಬಿಜೆಪಿ ಸಂಪುಟದಲ್ಲೂ ಊರ ದೇವರು, ಗುರು, ಗೋಮಾತೆ ಎಲ್ಲ ಬಂದಿದ್ದಾಯಿತು. ಪಕ್ಷಭೇದ ಇಲ್ಲದ ಅಪರೂಪದ ವಿಷಯ ಇದು. ಭಕ್ತಿಯನ್ನು ನಾವು ಪ್ರಶ್ನಿಸುವುದಿಲ್ಲ. ನಮೂನೆಯಲ್ಲಿ ಆ ಸಾಲಿಲ್ಲ ಎಂದಷ್ಟೇ ಹೇಳುತ್ತೇವೆ. ಕೇರಳದಲ್ಲಿ 2001ರಲ್ಲಿ ಗೆದ್ದ ಶಾಸಕರೊಬ್ಬರು ಶ್ರೀನಾರಾಯಣ ಗುರುಗಳ ಹೆಸರಿನಲ್ಲಿ ಪ್ರಮಾಣ ಸ್ವೀಕರಿಸಿದಾಗ, ಅದು ಅನುಸೂಚಿಗೆ ತಕ್ಕುದಲ್ಲ ಎಂದು ಅಲ್ಲಿನ ಹೈಕೋರ್ಟ್ ಹೇಳಿತು. ಸರಿಯಾಗಿ ಪ್ರಮಾಣ ಮಾಡದೆ ಸದನದಲ್ಲಿ ಕೂತು ಮತ ಹಾಕಿದರೆ 193ನೇ ವಿಧಿಯ ಪ್ರಕಾರ ದಿನಕ್ಕೆ 500 ರೂಪಾಯಿ ದಂಡ. ಲೋಕಸಭೆಯಲ್ಲಿ 2024ರ ಜೂನ್‌ನಲ್ಲಿ ಒಬ್ಬೊಬ್ಬರು ಒಂದೊಂದು ಜೈಕಾರ ಹಾಕಿದ ಮೇಲೆ, ಪ್ರಮಾಣವಚನದ ಹಿಂದೆ ಮುಂದೆ ಏನನ್ನೂ ಸೇರಿಸುವಂತಿಲ್ಲ ಎಂದು ಸ್ಪೀಕರ್ ತಮ್ಮ ನಿರ್ದೇಶನವನ್ನೇ ತಿದ್ದಬೇಕಾಯಿತು. ಒಬ್ಬರು ತಮ್ಮ ದೇವರ ಜೈಕಾರ ಸೇರಿಸಿದರೆ ಇನ್ನೊಬ್ಬರು ಪರದೇಶದ ಜೈಕಾರ ಸೇರಿಸುವುದನ್ನು ತಡೆಯಲು ಬಾಯಿ ಇರುವುದಿಲ್ಲ. ದೇವರ ಸಾಲು ಉಳಿಯಬೇಕು ಎನ್ನುವವರು ಮೊದಲು ಅದನ್ನು ಇದ್ದ ಹಾಗೆ ಓದುವುದನ್ನು ಕಲಿಯಬೇಕು. ರಾಜಭವನದವರು ಕೈಗೆ ಕೊಡುವ ಹಾಳೆ ಆಚೀಚೆಯಾಗದಂತೆ ಓದಿಸುವುದು ಕಷ್ಟದ ಕೆಲಸವೇನಲ್ಲ.

ಕೋರ್ಟಿನ ಸಾಕ್ಷಿಯ ವಿಷಯವೂ ಹೀಗೆಯೇ. ಕಟಕಟೆಯಲ್ಲಿ ಭಗವದ್ಗೀತೆ ಮುಟ್ಟಿಸುವುದು ಸಿನಿಮಾದಲ್ಲಿ ಮಾತ್ರ. 1969ರ ಪ್ರಮಾಣ ಕಾಯ್ದೆಯ ನಮೂನೆಯಲ್ಲಿ ಪುಸ್ತಕದ ಸುದ್ದಿಯೇ ಇಲ್ಲ. ಅದೇ ಎರಡು ಸಾಲು ಇದೆ, ದೇವರ ಹೆಸರು ಅಥವಾ ದೃಢೀಕರಣ. ‘ಗೀತೆಯನ್ನು ಕೋರ್ಟಿನಿಂದ ಓಡಿಸಿದರು’ ಎಂದು ಕೂಗುವವರು ಒಂದು ಸಲ ನಮ್ಮ ಹಾಸನದ ಕೋರ್ಟಿಗೇ ಹೋಗಿ ನೋಡಿ ಬರಲಿ.

ಇನ್ನು ಕಚೇರಿಯ ಪೂಜೆ. ಆಯುಧಪೂಜೆಗೆ ಕಾಯ್ದೆಯ ಬಲವಿಲ್ಲ, ವಾಡಿಕೆಯ ಬಲ ಇದೆ. ಸರ್ಕಾರವೇ ಅದನ್ನು ಲೆಕ್ಕದಲ್ಲಿ ಒಪ್ಪಿಕೊಂಡಿದೆ: ಕೆಎಸ್ಸಾರ್ಟಿಸಿ ಬಸ್ಸೊಂದಕ್ಕೆ ಪೂಜೆಯ ಖರ್ಚೆಂದು ಕೊಡುತ್ತಿದ್ದ 100 ರೂಪಾಯಿಯನ್ನು 2024ರಲ್ಲಿ 250ಕ್ಕೆ ಏರಿಸಿತು. ಹೂವಿನ ಮಾರು, ನಿಂಬೆಹಣ್ಣು, ಕುಂಬಳಕಾಯಿ ಬೆಲೆ ಗೊತ್ತಿದ್ದವರಿಗೆ ಅದು ದುಂದು ಎನ್ನಿಸದು. ಈ ಹಣ ಎಷ್ಟು, ಯಾವ ಬಾಬ್ತು ಎಂಬುದು ಬರವಣಿಗೆಯಲ್ಲಿ ಇರುವುದರಿಂದಲೇ ಅದರ ಬಗ್ಗೆ ಜಗಳ ಇಲ್ಲ.

ಜಗಳ ಬರುವುದು ತಾಲ್ಲೂಕು ಮಟ್ಟದ ಕಚೇರಿಗಳಲ್ಲಿ, ಅದೂ ಪೂಜೆಯ ಕಾರಣಕ್ಕಲ್ಲ, ಮಾಡುವ ರೀತಿಗೆ. ಮೊದಲನೆಯದು ದುಡ್ಡು. ನೌಕರರು ತಲೆಗಿಷ್ಟು ಹಾಕಿಕೊಂಡರೆ ಪೂಜೆ ಅವರದು. ಗುತ್ತಿಗೆದಾರರಿಂದ, ಕಚೇರಿಯ ಮುಂದಿನ ಪತ್ರಬರಹಗಾರರಿಂದ, ಕಡತ ಬಾಕಿಯಿರುವ ರೈತನಿಂದ ‘ಪೂಜೆಗೆ’ ಎಂದು ಎತ್ತಿದ ದುಡ್ಡಿಗೆ ಬೇರೆ ಹೆಸರಿದೆ, ಲೋಕಾಯುಕ್ತದವರು ಆ ಹೆಸರಿನಲ್ಲೇ ಕೇಸು ಹಾಕುತ್ತಾರೆ. ದೇವಿಯ ಫೋಟೊದ ಮುಂದೆ ಅಂಥ ನೋಟು ಇಟ್ಟು ಕೈಮುಗಿಯುವುದನ್ನು ಧರ್ಮ ಎಂದು ನಾವಂತೂ ಸಮರ್ಥಿಸುವುದಿಲ್ಲ. ಎರಡನೆಯದು ಹೊತ್ತು. ಮಧ್ಯಾಹ್ನದ ಊಟದ ವೇಳೆಯಲ್ಲಿ ಮುಗಿಯಬೇಕಾದದ್ದು ಬೆಳಗ್ಗೆಯಿಂದ ಸಂಜೆಯವರೆಗೆ ಎಳೆದರೆ, ಸಕಲೇಶಪುರದ ಆಚೆಯಿಂದ ಪಹಣಿ ತಿದ್ದುಪಡಿಗೆ ಬಂದವನು ಬರಿಗೈಯಲ್ಲಿ ವಾಪಸು ಹೋಗಬೇಕು. ಸರ್ಕಾರಿ ಪೂಜೆಯ ಮೇಲೆ ಅವನಿಗೆ ಬರುವ ಸಿಟ್ಟಿಗೆ ಯಾವ ವಿಚಾರವಾದಿಯೂ ಹೊಣೆಯಲ್ಲ.

ಮೂರನೆಯದು ಸಾಮಾನು. ಅಭಿಲೇಖಾಲಯದಲ್ಲಿ ಕರ್ಪೂರ ಹಚ್ಚಬಾರದು. ಹಳೆಯ ಕಾಗದ, ಬಟ್ಟೆ ಕಟ್ಟು, ಮರದ ರ‍್ಯಾಕು, ಒಂದು ಕಿಡಿ ಸಾಕು. ಸರ್ವೆ ಇಲಾಖೆಯವರು ಸರಪಳಿ, ಅಡ್ಡಪಟ್ಟಿಗೆ ಕುಂಕುಮ ಇಡುತ್ತಿದ್ದ ಕಾಲ ಬೇರೆ; ಈಗಿನ ಅಳತೆ ಯಂತ್ರದ ಗಾಜಿಗೆ ಕುಂಕುಮದ ಪುಡಿ ತಾಗಿದರೆ ಒರೆಸುವಾಗಲೇ ಗೀರು ಬೀಳುತ್ತದೆ. ಪೆಟ್ಟಿಗೆ ಮುಚ್ಚಿ, ಪೆಟ್ಟಿಗೆಯ ಮೇಲೆ ಹೂವಿಟ್ಟರೆ ಪೂಜೆಗೇನೂ ಕೊರತೆಯಿಲ್ಲ. ಕಂಪ್ಯೂಟರಿನ ಗಾಳಿಕಿಂಡಿಯ ಹತ್ತಿರ ಊದುಬತ್ತಿ, ಯುಪಿಎಸ್ ಮೇಲೆ ತೀರ್ಥ, ಇವೂ ಬೇಡ. 2023ರ ಅಕ್ಟೋಬರ್‌ನಲ್ಲಿ ವಿಧಾನಸೌಧದ ಒಳಗೆ ರಾಸಾಯನಿಕ ಬಣ್ಣದ ಅರಿಶಿನ ಕುಂಕುಮ ಬಳಸಬೇಡಿ ಎಂದು ಸೂಚನೆ ಹೊರಟಾಗ, ಹಿಂದೂಗಳ ಹಬ್ಬಕ್ಕೆ ಅಡ್ಡಿ ಎಂದು ನಮ್ಮವರು ಎಗರಾಡಿದರು. ಕಲ್ಲಿನ ನೆಲದ ಸಂದಿಗೆ ಆ ಬಣ್ಣ ಇಳಿದರೆ ಎಷ್ಟು ತೊಳೆದರೂ ಕಲೆ ಉಳಿಯುವುದು ನಿಜ. ದೇವಸ್ಥಾನದಲ್ಲೇ ಮೂರ್ತಿಗೆ ಅಂಥ ಬಣ್ಣ ತಾಗಿಸಲು ಅರ್ಚಕರು ಬಿಡುವುದಿಲ್ಲ. ಕೂಗಾಡಲು ಬೇರೆ ವಿಷಯ ಇತ್ತು, ಇದಲ್ಲ.

ಕೊನೆಗೆ ಎರಡನೇ ಸಾಲು. ಅದೇ ಕಚೇರಿಯಲ್ಲಿ ಮುಸ್ಲಿಂ ಗುಮಾಸ್ತರೋ, ಕ್ರೈಸ್ತ ಡ್ರೈವರೋ, ದೇವರನ್ನೇ ಒಪ್ಪದ ಇಂಜಿನಿಯರೋ ಇರುತ್ತಾರೆ. ಬಹಳ ಕಡೆ ಅವರೇ ಮುಂದೆ ನಿಂತು ಕಡ್ಲೆಪುರಿ ಹಂಚುತ್ತಾರೆ, ಅದು ಅವರ ದೊಡ್ಡತನ. ಆದರೆ ಬಾರದವರನ್ನು ಕರೆಸಿ ನಿಲ್ಲಿಸುವುದು, ವಂತಿಗೆ ಕೊಡದವರ ಹೆಸರನ್ನು ಬೋರ್ಡಿನಲ್ಲಿ ಬರೆಯುವುದು, ವಾರ್ಷಿಕ ಗೋಪ್ಯ ವರದಿಯಲ್ಲಿ ಅದರ ಸೇಡು ತೀರಿಸುವುದು ಆದರೆ, ವಾಡಿಕೆ ಎಂಬ ರಕ್ಷಣೆ ಅಲ್ಲಿಗೆ ಮುಗಿಯಿತು. ಸಭೆಯ ದೀಪಕ್ಕೂ ಇದೇ ಮಾತು. ಐದು ಬತ್ತಿ ಇರುತ್ತವೆ, ವೇದಿಕೆಯಲ್ಲಿ ಹನ್ನೆರಡು ಜನ ಇರುತ್ತಾರೆ. ಹಚ್ಚಲು ಇಷ್ಟವಿಲ್ಲದವರು ಹಿಂದೆ ನಿಂತರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಮೈಕು ಹಿಡಿದ ನಿರೂಪಕರು ಹೆಸರು ಹಿಡಿದು ಕರೆಯದಿದ್ದರೆ ಸಾಕು.

2025ರ ದಸರಾ ಉದ್ಘಾಟನೆಗೆ ನಮ್ಮ ಹಾಸನದ ಲೇಖಕಿ ಬಾನು ಮುಷ್ತಾಕ್ ಅವರನ್ನು ಕರೆದಾಗ ಎದ್ದ ಗದ್ದಲವನ್ನೂ ಇಲ್ಲೇ ಹೇಳಿಬಿಡುತ್ತೇವೆ. ಹೈಕೋರ್ಟ್ ಸೆಪ್ಟೆಂಬರ್ 15ರಂದು, ಸುಪ್ರೀಂ ಕೋರ್ಟ್ 19ರಂದು ಅದನ್ನು ಪ್ರಶ್ನಿಸಿದ ಅರ್ಜಿಗಳನ್ನು ತಳ್ಳಿಹಾಕಿದವು. 22ರಂದು ಚಾಮುಂಡಿಬೆಟ್ಟದಲ್ಲಿ ಉದ್ಘಾಟನೆ ನಡೆಯಿತು. ಸಂಪ್ರದಾಯದ ಪಕ್ಷದವರು ಕೇಳಬೇಕಾದ ಪ್ರಶ್ನೆ ಕ್ರಮ ತಪ್ಪಿತೇ ಎಂಬುದು. ತಪ್ಪಲಿಲ್ಲ. ಬಂದವರ ಜಾತಿ ಧರ್ಮ ಕೇಳುವುದು ಸಂಪ್ರದಾಯ ಆಗಿದ್ದರೆ 2017ರಲ್ಲಿ ಕವಿ ನಿಸಾರ್ ಅಹಮದ್ ಅವರು ಉದ್ಘಾಟಿಸಿದಾಗಲೇ ಕೇಳಬೇಕಿತ್ತು.

ಶಾಲೆಯ ವಿಷಯದಲ್ಲಿ ಕಾನೂನು ಇನ್ನಷ್ಟು ಬಿಗಿ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಕೂಡದು ಎನ್ನುತ್ತದೆ 28ನೇ ವಿಧಿಯ ಮೊದಲ ಖಂಡ. ಅನುದಾನಿತ ಶಾಲೆಯಲ್ಲಿ ಮಾಡಬಹುದು, ಆದರೆ ಮಗುವಿನ ಪೋಷಕರು ಒಪ್ಪಬೇಕು. ಧರ್ಮಗಳ ಬಗ್ಗೆ ಪಾಠ ಮಾಡುವುದಕ್ಕೆ ಅಡ್ಡಿಯಿಲ್ಲ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ಹೇಳಿದೆ. ಒಪ್ಪಿಗೆಯನ್ನು ದಾಖಲಾತಿ ಅರ್ಜಿಯಲ್ಲೇ ಬರೆಸಿಕೊಳ್ಳಬೇಕು. ಶಾರದಾ ಪೂಜೆಯ ಬೆಳಗ್ಗೆ ಮಗುವನ್ನು ಎಬ್ಬಿಸಿ ಕೇಳುವುದಲ್ಲ. ಬರೆದ ನಿಯಮ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಎರಡೂ ಕಡೆಯಿಂದ ಕಂಡಾಯಿತು. 2022ರಲ್ಲಿ ಸಮವಸ್ತ್ರದ ಹೆಸರಿನಲ್ಲಿ ಹಿಜಾಬ್ ತಡೆದಾಗ ಚಪ್ಪಾಳೆ ತಟ್ಟಿದವರೇ, 2025ರ ಏಪ್ರಿಲ್‌ನಲ್ಲಿ ಸಿಇಟಿ ಕೇಂದ್ರದ ಬಾಗಿಲಲ್ಲಿ ಜನಿವಾರ ತೆಗೆಸಿದರು ಎಂದು ಬೀದಿಗಿಳಿದರು. ಜನಿವಾರ ತೆಗೆಸಿ ಎಂಬ ನಿಯಮ ಎಲ್ಲೂ ಇರಲಿಲ್ಲ, ಬಾಗಿಲಲ್ಲಿ ನಿಂತವರ ಸ್ವಂತ ಬುದ್ಧಿ ಅದು. ಆದರೆ ಮೈಮೇಲಿನ ಧರ್ಮದ ಗುರುತನ್ನು ಬಾಗಿಲಲ್ಲಿ ನಿಂತವರು ತೀರ್ಮಾನಿಸಬಹುದು ಎಂಬ ರೂಢಿ ಬಿದ್ದದ್ದು ಅದಕ್ಕೂ ಮೂರು ವರ್ಷ ಹಿಂದೆ.

ಹಣದ ಮಾತಿಗೆ ಬಂದರೆ ನಮ್ಮ ಕಡೆಯವರ ಅಜ್ಞಾನ ಇನ್ನೂ ಹೆಚ್ಚು. ಒಂದು ಧರ್ಮದ ಪ್ರಚಾರಕ್ಕೆಂದೇ ತೆರಿಗೆ ಹಾಕುವಂತಿಲ್ಲ ಎನ್ನುತ್ತದೆ 27ನೇ ವಿಧಿ. ಹಾಗಂತ ಖಜಾನೆಯಿಂದ ದೇವಸ್ಥಾನಕ್ಕೆ ಒಂದು ಪೈಸೆಯೂ ಹೋಗಬಾರದು ಎಂದೇನಲ್ಲ: 290ಎ ವಿಧಿಯ ಪ್ರಕಾರ ಕೇರಳದ ಸಂಚಿತ ನಿಧಿಯಿಂದ ತಿರುವಾಂಕೂರು ದೇವಸ್ವಂ ನಿಧಿಗೆ ವರ್ಷಕ್ಕೆ 46 ಲಕ್ಷ 50 ಸಾವಿರ, ತಮಿಳುನಾಡಿನಿಂದ ಅಲ್ಲಿನ ದೇವಸ್ವಂ ನಿಧಿಗೆ 13 ಲಕ್ಷ 50 ಸಾವಿರ ರೂಪಾಯಿ ಹೋಗಬೇಕು. ಸಂವಿಧಾನದಲ್ಲೇ ಅಂಕಿ ಬರೆದಿದೆ, 1956ರಿಂದ. ಅದು ದಾನವಲ್ಲ, ಸಂಸ್ಥಾನಗಳು ಸೇರುವಾಗ ಒಪ್ಪಿಕೊಂಡ ಬಾಧ್ಯತೆ.

ನಮ್ಮಲ್ಲಿ ದೇವಸ್ಥಾನಕ್ಕೆ ಸರ್ಕಾರ ವರ್ಷ ವರ್ಷ ಕೊಡುವ ತಸ್ತೀಕ್ ಹಣ ಕೂಡ ಅದೇ ಜಾತಿಯದು. ಹಳೇ ಮೈಸೂರಿನ ದೇವಸ್ಥಾನಗಳಿಗೆ ಇನಾಂ ಜಮೀನಿತ್ತು, ಅದರ ಗುತ್ತಿಗೆ ಭತ್ತದಲ್ಲೇ ನೈವೇದ್ಯ ನಡೆಯುತ್ತಿತ್ತು. 1955ರ ಧಾರ್ಮಿಕ ಇನಾಂ ರದ್ದತಿ ಕಾಯ್ದೆಯಲ್ಲಿ ಜಮೀನು ಸರ್ಕಾರಕ್ಕೆ ಹೋಗಿ ಉಳುವವರಿಗೆ ಸೇರಿತು. ಬದಲಿಗೆ ವರ್ಷಾಶನ ನಿಗದಿಯಾಯಿತು. ಮುಜರಾಯಿಯ 34 ಸಾವಿರಕ್ಕೂ ಹೆಚ್ಚು ದೇವಸ್ಥಾನಗಳಲ್ಲಿ ಬಹುಪಾಲು ವರ್ಷಕ್ಕೆ 5 ಲಕ್ಷಕ್ಕಿಂತ ಕಡಿಮೆ ಆದಾಯದ ‘ಸಿ’ ದರ್ಜೆಯವು. ತಸ್ತೀಕ್ ಅವುಗಳಿಗೆ 2025-26ರ ಬಜೆಟ್‌ನಲ್ಲಿ ವರ್ಷಕ್ಕೆ 60 ಸಾವಿರದಿಂದ 72 ಸಾವಿರಕ್ಕೆ ಏರಿತು, ಅಂದರೆ ತಿಂಗಳಿಗೆ 6 ಸಾವಿರ. ಎಣ್ಣೆ, ಹೂವು, ಅಕ್ಕಿ, ಅರ್ಚಕರ ಸಂಭಾವನೆ ಎಲ್ಲ ಅದರಲ್ಲೇ. ಅದೇ ಬಜೆಟ್‌ನಲ್ಲಿ ಮಸೀದಿಯ ಪೇಶ್ ಇಮಾಂ, ಜೈನ ಅರ್ಚಕರು ಮತ್ತು ಸಿಖ್ಖರ ಮುಖ್ಯ ಗ್ರಂಥಿಗಳಿಗೆ ತಿಂಗಳಿಗೆ 6 ಸಾವಿರ ಗೌರವಧನ ಎಂದೂ ಬಂತು. ಎರಡೂ ಆರು ಸಾವಿರವೇ ಆದ್ದರಿಂದ ‘ಸಮ ಆಯಿತಲ್ಲ’ ಎಂದು ಒಬ್ಬರು, ‘ಅವರಿಗೇಕೆ’ ಎಂದು ಇನ್ನೊಬ್ಬರು. ಒಂದು ಕಳೆದುಕೊಂಡ ಜಮೀನಿನ ಬಾಬ್ತು, ಇನ್ನೊಂದು ಸರ್ಕಾರ ಈಗ ತೀರ್ಮಾನಿಸಿ ಕೊಡುವ ಗೌರವಧನ. ಎರಡನೆಯದರ ಬಗ್ಗೆ ತಕರಾರು ಇರಬಹುದು, ನಮಗೂ ಇದೆ; ಆದರೆ ಮೊದಲನೆಯದನ್ನೂ ಸರ್ಕಾರದ ಕೃಪೆ ಎಂದೇ ಹೊಗಳುತ್ತಾ ಕೂತರೆ, ನಾಳೆ ಯಾರಾದರೂ ಎರಡನ್ನೂ ಒಟ್ಟಿಗೇ ಕತ್ತರಿಸಿದಾಗ ಕೇಳುವ ಹಕ್ಕು ಇರುವುದಿಲ್ಲ. ಯಾವ ದೇವಸ್ಥಾನದಿಂದ ಎಷ್ಟು ಎಕರೆ ಹೋಯಿತು, ಅದಕ್ಕೆ ಎಷ್ಟು ತಸ್ತೀಕ್ ಎಂಬುದನ್ನು ದೇವಸ್ಥಾನದ ಬಾಗಿಲಲ್ಲೇ ಬರೆದು ಹಾಕಲಿ. ತಾಲ್ಲೂಕು ಕಚೇರಿಯ ಮುಜರಾಯಿ ಶಾಖೆಯಲ್ಲಿ ಹುಡುಕಿದರೆ ಸಿಗುವ ಲೆಕ್ಕ ಅದು.

ಬರೆದಿಡುವುದರ ಬೆಲೆ ನಮ್ಮ ಜಿಲ್ಲೆಗೆ ಗೊತ್ತಿಲ್ಲದ್ದೇನಲ್ಲ. ಶ್ರವಣಬೆಳಗೊಳದಲ್ಲಿ 1368ರ ಬುಕ್ಕರಾಯನ ಶಾಸನ ಇದೆ. ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಿದ್ದು ಜೈನರು ದೂರು ಒಯ್ದರು. ಎರಡು ದರ್ಶನಗಳಿಗೂ ಭೇದವಿಲ್ಲ ಎಂದು ಹೇಳಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟ ಅರಸ ಅಷ್ಟಕ್ಕೇ ಎದ್ದು ಹೋಗಲಿಲ್ಲ. ಪಂಚಮಹಾವಾದ್ಯ, ಕಳಶ ಜೈನರಿಗೆ ಹಿಂದಿನಂತೆಯೇ ಸಲ್ಲಬೇಕು. ಜೈನರ ಮನೆಯೊಂದಕ್ಕೆ ವರ್ಷಕ್ಕೆ ಒಂದು ‘ಹಣ’ (ಆಗಿನ ನಾಣ್ಯ) ಎತ್ತಬೇಕು, ಎತ್ತುವವರು ತಿರುಮಲೆಯ ತಾತಯ್ಯ. ಆ ಹಣದಲ್ಲಿ ಬೆಳಗೊಳದ ದೇವರಿಗೆ 20 ಜನ ಕಾವಲಿನವರು, ಅವರನ್ನು ನೇಮಿಸುವವರು ವೈಷ್ಣವರು. ಮಿಕ್ಕಿದ್ದರಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣ. ಇದನ್ನು ಬಸದಿಗಳಲ್ಲಿ ಕಲ್ಲಿನಲ್ಲಿ ಕೆತ್ತಿ ನಿಲ್ಲಿಸಬೇಕು. ಈಗಿನ ಶಾಂತಿಸಭೆಗಳ ನಡಾವಳಿಯಲ್ಲಿ ‘ಸೌಹಾರ್ದದಿಂದ ಆಚರಿಸಲು ತೀರ್ಮಾನಿಸಲಾಯಿತು’ ಎಂಬುದಕ್ಕಿಂತ ಹೆಚ್ಚಿಗೆ ಏನಿರುತ್ತದೆ ಹೇಳಿ? ಯಾರು, ಎಷ್ಟು, ಯಾವುದಕ್ಕೆ ಎಂಬ ಮೂರೂ ಬುಕ್ಕನ ಕಲ್ಲಿನಲ್ಲಿದೆ.

ಬೇಲೂರಿನ ತೇರಿನ ಮುಂದೆ ಕುರಾನ್ ಪಠಣದ ವಾಡಿಕೆಯ ಬಗ್ಗೆ 2022ರಲ್ಲಿ ಆಕ್ಷೇಪ ಎದ್ದಾಗ ಅದನ್ನು ಉಳಿಸಿದ್ದೂ ಭಾಷಣಗಳಲ್ಲ. 1997ರ ಹಿಂದೂ ಧಾರ್ಮಿಕ ಸಂಸ್ಥೆಗಳ ಕಾಯ್ದೆಯ 58ನೇ ಪ್ರಕರಣ, ದೇವಸ್ಥಾನದ ರೂಢಿ ಪದ್ಧತಿಗಳಲ್ಲಿ ಕೈಹಾಕಬಾರದು ಎನ್ನುತ್ತದೆ. ಸರ್ಕಾರ ನಮ್ಮ ಆಗಮಕ್ಕೆ ಕೈಹಾಕಬಾರದು ಎಂದು ನಾವು ದಿನಬೆಳಗಾದರೆ ತೋರಿಸುವ ಪ್ರಕರಣ ಅದೇ. ತೇರಿನ ಮುಂದೆ ಮಾತ್ರ ಅದು ಅನ್ವಯಿಸುವುದಿಲ್ಲ ಎನ್ನುವುದು ಹೇಗೆ? ಸಂಪ್ರದಾಯವಾದಿ ಎಂದು ಕರೆಸಿಕೊಂಡವರು ತಮಗೆ ಹಿಡಿಸದ ಸಂಪ್ರದಾಯದ ಮುಂದೆ ಹೇಗೆ ನಡೆದುಕೊಳ್ಳುತ್ತಾರೆ ಎಂಬುದರಲ್ಲೇ ಅವರ ಪರೀಕ್ಷೆ. ನಮ್ಮ ಪಕ್ಷದ ಕೆಲವರು ಆ ವರ್ಷ ಅದರಲ್ಲಿ ಫೇಲಾದರು.

ಹಾಸನಾಂಬೆಯ ಬಾಗಿಲು ತೆಗೆಯುವ ಮುಂಚೆ ದೇವಿಯ ಒಡವೆ ಬರುವುದು ಜಿಲ್ಲಾ ಖಜಾನೆಯಿಂದ. ಸರ್ಕಾರಿ ಖಜಾನೆಯಲ್ಲಿ ದೇವರ ಒಡವೆ ಯಾಕೆ ಎಂದು ಯಾರೂ ಕೇಳಿಲ್ಲ, ಯಾಕೆಂದರೆ ಅದಕ್ಕೆ ಪಟ್ಟಿ ಇದೆ, ಹೊರಗೆ ಬಂದದ್ದಕ್ಕೂ ಒಳಗೆ ಹೋದದ್ದಕ್ಕೂ ಲೆಕ್ಕ ಇದೆ. ಕಚೇರಿಯ ಪೂಜೆಗೂ ಇಷ್ಟು ಶಿಸ್ತು ಬಂದರೆ ಸಾಕು.

ಆದ್ದರಿಂದ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲಾಧಿಕಾರಿಗಳಲ್ಲಿ ನಮ್ಮ ಕೋರಿಕೆ ಇಷ್ಟು. ಮುಂದಿನ ನವರಾತ್ರಿಗೆ ಹದಿನೈದು ದಿನ ಮುಂಚೆ ಎಲ್ಲ ಕಚೇರಿಗಳಿಗೆ ಒಂದೇ ಪುಟದ ಸುತ್ತೋಲೆ ಹೊರಡಲಿ. ಪೂಜೆ ಎಷ್ಟು ಗಂಟೆಯಿಂದ ಎಷ್ಟು ಗಂಟೆಯವರೆಗೆ, ಸಾರ್ವಜನಿಕರ ಕೌಂಟರಿನಲ್ಲಿ ಆ ಹೊತ್ತು ಕೂರುವವರು ಯಾರು, ವಂತಿಗೆ ನೌಕರರಿಂದ ಮಾತ್ರ ಮತ್ತು ಅದೂ ಅವರವರ ಇಷ್ಟ, ಹಾಜರಾತಿ ಕಡ್ಡಾಯವಲ್ಲ, ಅಭಿಲೇಖಾಲಯದಲ್ಲಿ ಬೆಂಕಿ ಬೇಡ. ಕುಂಬಳಕಾಯಿ ಒಡೆದ ಮೇಲೆ ರಸ್ತೆಯಿಂದ ಅದನ್ನು ಎತ್ತುವವರು ಯಾರು ಎಂಬುದನ್ನೂ ಹೆಸರು ಸಮೇತ ಅದರಲ್ಲೇ ಬರೆಯಲಿ. ಆ ರಾತ್ರಿ ಬಿ.ಎಂ. ರಸ್ತೆಯಲ್ಲಿ ಬೈಕು ಜಾರಿ ಬೀಳುವವರು ಎಲ್ಲ ಧರ್ಮದವರೂ ಇರುತ್ತಾರೆ.

ಇಂತಿ,
ಸಂಪ್ರದಾಯದ ಪರವಾಗಿರುವ ಕೆಲವು ಓದುಗರು,
ಹಾಸನ